ಟವೆಲ್ ಕೆಳಗಿನ ಕಾರು

ನನ್ನ ಗಂಡ ಸಂಗಮೇಶ್ವರ ಅವರದು ಸೇಡಂ ಮಾರುಕಟ್ಟೆಯಲ್ಲಿ ಕಾಳಿನ ದಲ್ಲಾಳಿಯ ಅಡತಿ ಅಂಗಡಿ. ತೊಗರಿ ಕೊಳ್ಳುವುದು, ತೊಗರಿ ಮಾರುವುದು, ಇವೆರಡನ್ನು ಬಿಟ್ಟು ಜಗತ್ತಿನಲ್ಲಿ ಮೂರನೇ ವಿದ್ಯೆ ಇದೆ ಎಂದು ನಂಬಿದವರಲ್ಲ ಅವರು. ಮನೆಯಲ್ಲಿ ಕಾರಿನ ಮಾತು ಎದ್ದಾಗ ಕಾರನ್ನೂ ತೊಗರಿಯ ಲೆಕ್ಕಕ್ಕೇ ಸೇರಿಸಿಬಿಟ್ಟರು. ದಿನಾ ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕೂತು ಶೋರೂಮಿಗೆ ಫೋನ್ ಹಚ್ಚಿ ಇವತ್ತೇನು ರೇಟ್ ಎಂದು ಕೇಳುವರು. ಅಲ್ಲಿ ಕಾರು ಮಾರುವ ಅಂಬರೇಶ ನಿನ್ನೆಯದೇ ರೇಟ್ ಎನ್ನುವನು. ಇಳಿಯುತ್ತದೆ, ಚಿಂತೆ ಮಾಡಬೇಡ ಎಂದು ಇವರು ಅವನಿಗೇ ಧೈರ್ಯ ಹೇಳಿ ಫೋನ್ ಇಡುವರು. ಮಾರುವವನಿಗೆ ಇಂಥ ಧೈರ್ಯ ಹೇಳುವ ಗಂಡಸನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟೇ ಜಾಸ್ತಿ.

ಮಾರುಕಟ್ಟೆ ಮಲಗಿದ್ದು ಸುಳ್ಳಲ್ಲ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಿಷನ್ನುಗಳು ಅರ್ಧಕ್ಕರ್ಧ ಬಂದ್. ಸಿಮೆಂಟಿಗೆ ಬೇಡಿಕೆ ಇಲ್ಲವೆಂದು ವಾಡಿ ರಸ್ತೆಯ ಗುಂಟ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಚಾಲಕರು ಅವುಗಳ ನೆರಳಲ್ಲೇ ಅಡುಗೆ ಮಾಡಿ ಉಣ್ಣುತ್ತಿದ್ದರು. ಇಂಥ ಹೊತ್ತಿನಲ್ಲಿ ಯಾರೂ ಏನನ್ನೂ ಕೊಳ್ಳುವುದಿಲ್ಲ, ಆದ್ದರಿಂದ ಕಾರಿನವರು ಇವತ್ತಲ್ಲ ನಾಳೆ ಕಾಲಿಗೆ ಬೀಳುತ್ತಾರೆ ಎನ್ನುವುದು ನಮ್ಮವರ ವಾದ. ಸರ್ಕಾರ ತೆರಿಗೆ ಇಳಿಸಿತು, ಆಗಲೂ ಇವರು ಕೊಳ್ಳಲಿಲ್ಲ. ದೀಪಾವಳಿಗೆ ಶೋರೂಮಿನವರು ರಿಯಾಯಿತಿ ಕೊಟ್ಟರು, ಆಗಲೂ ಇಲ್ಲ. ಹೋದ ವರ್ಷ ತೊಗರಿಯ ದರ ಏರಲೆಂದು ಕಾದು ಕಾದು, ಬಿದ್ದ ಮೇಲೆ ಮಾರಿದ ಮಹಾಶಯರು, ಈ ವರ್ಷ ಕಾರಿನ ದರ ಇಳಿಯಲೆಂದು ಕೂತಿದ್ದರು.

ಕಾರು ನನಗಾಗಿ ಅಲ್ಲ, ನಮ್ಮ ಅತ್ತೆ ಶರಣಬಸಮ್ಮನವರಿಗಾಗಿ. ನಮ್ಮ ಹೊಲ ಇರುವುದು ಚಿಂಚೋಳಿ ರಸ್ತೆಯಲ್ಲಿ. ಎಳ್ಳ ಅಮಾಸಿಯ ದಿನ ನಮ್ಮ ಸೀಮೆಯಲ್ಲಿ ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ಭಜ್ಜಿಪಲ್ಯ, ಸಜ್ಜಿ ರೊಟ್ಟಿ, ಕಡಬು ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಗೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಅಡುಗೆಯ ಮೊದಲ ತುತ್ತು ಕೊಟ್ಟು, ಆಮೇಲೆ ತಾವು ಉಣ್ಣುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಹಿಡಿ ಅತ್ತೆಯದು. ಹೋದ ವರ್ಷ ಮಣಕಾಲು ಮಡಚಲಾಗದೆ, ಬಾಡಿಗೆಗೆ ತಂದ ಎತ್ತರದ ಟಂಟಂ ಗಾಡಿ ಹತ್ತಲಾಗದೆ ನಿಂತವರನ್ನು ಇಬ್ಬರು ಗಂಡಸರು ರಟ್ಟೆ ಹಿಡಿದು ಎತ್ತಿ ಒಳಗೆ ಹಾಕಿದರು. ಸೀರೆ ಮೇಲೇರಿತು. ನೋಡಿದವರು ಯಾರೂ ನಗಲಿಲ್ಲ, ಆದರೆ ಅತ್ತೆ ಹೊಲ ಮುಟ್ಟುವ ತನಕ ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನನಗೊಬ್ಬಳಿಗೇ ಹೇಳಿದರು: "ಹಿಂಗ ಹೊರಿಸಿಕೊಂಡು ನಾ ಇನ್ನ ಬರಲ್ಲ ಶಿವರಂಜನಿ. ನನ್ನ ಕಾಲಿಂದ ಹತ್ತಿ ಇಳಿಯೋ ಗಾಡಿ ಇದ್ರ ಬರ್ತೀನಿ. ಇಲ್ಲಂದ್ರ ನನ್ನ ಚರಗ ಮುಗೀತು ಅಂತ ತಿಳಿ."

ಆ ಮಾತು ನನ್ನ ಎದೆಯಲ್ಲಿ ನಾಟಿತು. ಮರುವಾರವೇ ಗುಲಾಮ ದಸ್ತಗೀರರ ಡ್ರೈವಿಂಗ್ ಶಾಲೆ ಸೇರಿದೆ. ಮನೆಯಲ್ಲೇ ಮಿಷನ್ ಇಟ್ಟು ಓಣಿಯವರ ಬ್ಲೌಸ್ ಹೊಲಿಯುವ ನನಗೆ ಕಾಲಿನ ಕೆಳಗೆ ಪೆಡಲ್ ಹೊಸದಲ್ಲ, ಕ್ಲಚ್ಚು ಬೇಗ ಒಲಿಯಿತು. ಲೈಸೆನ್ಸ್ ಕೈಗೆ ಬಂದ ದಿನ ಅದರಲ್ಲಿನ ನನ್ನ ಕೆಟ್ಟ ಫೋಟೋ ನೋಡುತ್ತಾ ರೊಟ್ಟಿ ಸೀಯಿಸಿಬಿಟ್ಟೆ. ಕಾರು ಮಾತ್ರ ಇರಲಿಲ್ಲ.

ಈ ಸಲ ಅಮಾಸಿ ಹತ್ತಿರ ಬಂದಿತು. ಜೊತೆಗೇ ಧನುರ್ಮಾಸವೂ ಶುರುವಾಯಿತು. ನಮ್ಮವರಿಗೆ ಹೊಸ ನೆಪ ಸಿಕ್ಕಿತು. ಇದು ಶೂನ್ಯಮಾಸ, ಯಾರೂ ಗಾಡಿ ಕೊಳ್ಳುವುದಿಲ್ಲ, ರೇಟ್ ಪಾತಾಳಕ್ಕೆ ಹೋಗುತ್ತದೆ. ನಾವೂ ಕೊಳ್ಳುವಂತಿಲ್ಲ, ಸಂಕ್ರಾಂತಿ ಮುಗಿಯಲಿ ಎಂದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ದಿನ, ವಾರ, ಮಾಸ ನೋಡುತ್ತೀರಾ, ಶರಣರು ಕೇಳಿದರೆ ಏನಂದಾರು ಎಂದು ರೇಗಿದೆ. ಅವರು ಶರಣರಿಗೆ ಕಾರು ಕೊಳ್ಳುವ ಪಾಳಿ ಬಂದಿರಲಿಲ್ಲ ಎಂದರು. ನಾನು ಅತ್ತೆಗೆ ಇಳಕಲ್ ಸೀರೆ ಉಡಿಸಿದೆ. ಬರುವುದಿದ್ದರೆ ಬನ್ನಿ, ಇಲ್ಲದಿದ್ದರೆ ನಾವಿಬ್ಬರೇ ಕಾರು ನೋಡಿ ಬರುತ್ತೇವೆ ಎಂದು ಆಟೋ ಕರೆಸಿದೆ. ನಮ್ಮವರು ಹೆಗಲಿಗೆ ಟವೆಲ್ ಏರಿಸಿ ಹಿಂದೆಯೇ ಬಂದರು. ವ್ಯಾಪಾರದ ಜಾಗಕ್ಕೆ ಅವರು ಟವೆಲ್ ಇಲ್ಲದೆ ಹೋಗುವುದಿಲ್ಲ.

ಶೋರೂಮ್ ಖಾಲಿ. ನಾಲ್ಕು ಮಂದಿ ಮಾರುವವರು, ಕೊಳ್ಳುವವರು ನಾವೇ. ನಡುವೆ ಒಂದು ಕೆಂಪು ಕಾರು. ಅದರ ಬಾಗಿಲು ತೆಗೆದಾಗ ಬಂದ ಹೊಸ ವಾಸನೆಗೇ ನಾನು ಮನಸ್ಸಿನಲ್ಲಿ ಗೇರ್ ಹಾಕಿಬಿಟ್ಟೆ. ಅತ್ತೆ ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಂಡರು. ಯಾರೂ ಹಿಡಿಯಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ನಮ್ಮವರು ಅಂಬರೇಶನ ಎದುರು ಕೂತು ಟವೆಲ್ ಬಿಡಿಸಿ ಇಬ್ಬರ ಕೈಗಳ ಮೇಲೂ ಹಾಸಿದರು. ಅಡತಿಯಲ್ಲಿ, ದನದ ಸಂತೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ, ಪಕ್ಕದವನಿಗೂ ಗೊತ್ತಾಗುವುದಿಲ್ಲ. ಟೈ ಕಟ್ಟಿದ ಅಂಬರೇಶ ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ. ಅವನ ಸೋದರಮಾವ ಚಿತ್ತಾಪುರದ ದನದ ದಲಾಲನಂತೆ! ಅವನೂ ನಗುತ್ತಾ ಬೆರಳು ಹಿಡಿದ. ಟವೆಲ್ ಅಲ್ಲಾಡಿತು, ಜಗ್ಗಿತು, ನಿಂತಿತು. ಅವನ ಮುಖದಲ್ಲೇ ಗೊತ್ತಾಗುತ್ತಿತ್ತು, ದರದಲ್ಲಿ ಇಳಿದ, ಮತ್ತೂ ಇಳಿದ, ಕೊನೆಗೆ ಆಚೆ ಮೇಜಿನಲ್ಲಿ ಕೂತಿದ್ದ ಮ್ಯಾನೇಜರನ ಕಡೆ ನೋಡಿ ಇನ್ನೊಂದು ಸಲ ಇಳಿದ. ಇದಕ್ಕಿಂತ ಕೆಳಗೆ ನೆಲ ಇಲ್ಲ ಎಂದ. ನಮ್ಮವರು ಕೈ ಹೊರಗೆ ತೆಗೆದು ಸಂಕ್ರಾಂತಿ ಆಗಲಿ, ನೋಡೋಣ ಎಂದರು.

ನನಗೆ ತಲೆಯ ತನಕ ರಕ್ತ ಏರಿತು. ಅಂಬರೇಶನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನಾನು ಕೂತೆ. ಇವರ ಕೈ ಎಳೆದು ಟವೆಲ್ ಕೆಳಗೆ ಹಾಕಿಕೊಂಡು, ಈಗ ನನ್ನ ಸಂಗಡ ವ್ಯಾಪಾರ ಮಾಡಿ ಎಂದೆ. ಬೈಯಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಅವರ ಅಂಗೈ ಬೆವರಿನಿಂದ ಒದ್ದೆ ಒದ್ದೆಯಾಗಿತ್ತು. ಹದಿನೈದು ವರ್ಷ ಸಂಸಾರ ಮಾಡಿದರೂ ಈ ಕೈ ಹೀಗೆ ಬೆವೆತದ್ದು ನನಗೆ ಗೊತ್ತಿರಲಿಲ್ಲ.

ಅವರು ತಲೆ ತಗ್ಗಿಸಿ, ನನಗಷ್ಟೇ ಕೇಳುವಂತೆ ಅಂದರು. "ರೇಟಿನ ಮಾತಲ್ಲ ಇದು. ಹೆದರಿಕಿ ಆಗ್ಯಾದ ನನಗ. ನಾಳಿ ಅಂಗಡಿ ಬಾಗಿಲಾ ಹಾಕೋ ಪಾಳಿ ಬಂದ್ರ ಏನ್ ಮಾಡಾದು?"

ಇಷ್ಟು ದಿನ ನಾನು ಜಿಪುಣತನ ಎಂದು ಬೈದದ್ದು ಭಯವಾಗಿತ್ತು. ಪಾಪ ಅನಿಸಿತು. ಪ್ರೀತಿಯೂ ಉಕ್ಕಿತು, ಸುಳ್ಳೇಕೆ ಹೇಳಲಿ.

"ಹೆದರ್ರಿ. ನಾನೂ ಹೆದರ್ತೀನಿ, ಕೂಡೇ ಹೆದರಾಮು," ಎಂದೆ. "ಕಂತಿನ್ಯಾಗ ಅರ್ಧ ನನ್ನ ಮಿಷನ್ ಹೊಲೀತದ. ಕಾರಿನ ರೇಟ್ ಮುಂದಿನ ವರ್ಷನೂ ಇಳೀಬಹುದು. ಅತ್ತಿ ಮಣಕಾಲು ಮುಂದಿನ ವರ್ಷ ಇಷ್ಟೂ ಮಡಚಂಗಿಲ್ಲ."

ಅವರು ಕಾರಿನ ಕಡೆ ನೋಡಿದರು. ಅತ್ತೆ ಒಳಗೆ ಕನ್ನಡಿ ನೋಡಿಕೊಂಡು ವಿಭೂತಿ ಸರಿಮಾಡಿಕೊಳ್ಳುತ್ತಿದ್ದರು. ಟವೆಲ್ ಕೆಳಗೆ ಇವರು ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒತ್ತಿದರು.

ಅಮಾಸಿಯ ಬೆಳಿಗ್ಗೆ ಇಡೀ ಓಣಿ ನೋಡುತ್ತಿದ್ದಂತೆ ನಾನು ಕೆಂಪು ಕಾರಿನ ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ಅತ್ತೆ, ಹಿಂದೆ ತೊಡೆಯ ಮೇಲೆ ಭಜ್ಜಿಪಲ್ಯದ ಪಾತ್ರೆ ಇಟ್ಟುಕೊಂಡು ನಮ್ಮವರು. ಎರಡು ಸಲ ಗಾಡಿ ಬಂದ್ ಬಿತ್ತು, ಮೂರನೆಯದಕ್ಕೆ ಹೊರಟಿತು. ರಸ್ತೆಯ ಎರಡೂ ಕಡೆ ಹಳದಿ ಹೂ ಬಿಟ್ಟ ಕುಸುಬಿ, ತಲೆದೂಗುವ ಜೋಳ. ಚಕ್ಕಡಿಗಳನ್ನೂ ಟ್ರ್ಯಾಕ್ಟರುಗಳನ್ನೂ ಹಿಂದಿಕ್ಕಿ ಹೋದಾಗ ನನಗೆ ಕೂಗಬೇಕು ಅನಿಸಿತು. ಗಂಡನ ಮುಂದೆ ಹೇಗೆ ಕೂಗುವುದೆಂದು ಹಾರ್ನ್ ಹೊಡೆದೆ.

ಹೊಲದ ದಾರಿ ಬಂತು. ಬನ್ನಿಗಿಡದ ಹತ್ತಿರ ಮೈದುನನ ಮನೆಯವರೆಲ್ಲ ಕೈ ಎತ್ತಿ ಕರೆಯುತ್ತಿದ್ದರು. ನಾನು ವೇಗ ತಗ್ಗಿಸಿದೆ. ಅತ್ತೆ ನನ್ನ ಕೈಮೇಲೆ ಕೈ ಇಟ್ಟು, "ನಿಲ್ಲಿಸಬ್ಯಾಡ. ಜರಾ ಮುಂದ ನಡಿ," ಎಂದರು.

ಎಲ್ಲರೂ ಉಣ್ಣದೆ ಕಾಯುತ್ತಿದ್ದಾರೆ ಅವ್ವ, ಮುಂದೇನಿದೆ ಎಂದು ಇವರು ಹಿಂದಿನಿಂದ ಕೇಳಿದರು.

"ಏನೂ ಇಲ್ಲ. ಹುಟ್ಟಿದಾಗಿಂದ ಮಂದಿ ಇಳಿ ಅಂದಲ್ಲಿ ಇಳದೀನಿ ನಾ. ಇವತ್ತ ನಾ ಅಂದಲ್ಲಿ ನಿಲ್ಲಿಸ್ರಿ."

ಪೆಟ್ರೋಲಿನ ಮಾತು ಬಂದೇ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಬದಲಿಗೆ ನಮ್ಮವರು, ಚಿಂಚೋಳಿ ಗುಡ್ಡ ಕಾಣುವ ತನಕ ಹೋಗಿಯೇ ತಿರುಗೋಣ ಎಂದರು. ಕೈ ಎತ್ತಿದವರು ಎತ್ತಿದಂತೆಯೇ ಹಿಂದೆ ಉಳಿದರು. ಅತ್ತೆ ಅವರೆಲ್ಲರಿಗೂ ಟಾಟಾ ಮಾಡಿ, ಗಾಜು ಇಳಿಸಲು ಹೇಳಿದರು.