ಮನೆಮನೆ ತಿರುಗುವ ಒಲೆ

ವರ್ಷಕ್ಕೊಂದು ಸಲ ವರ್ಲೀನಳ ಅಡುಗೆಮನೆಗೆ ಒಳ್ಳೆಯ ಒಲೆ ಬರುತ್ತಿತ್ತು. ಬಂದ ದಿನವೇ ವಾಪಸ್ ಹೋಗುತ್ತಿತ್ತು.

ಅಮೆರಿಕದ ಟೊಲೆಡೊ ಊರಿನ ಆ ಬೀದಿಯಲ್ಲಿ ಸಾಲಾಗಿ ಮೂರು ಮನೆಗಳು ರೇ ಕ್ಲಿಮೆಕ್‌ನವು. ಅಲ್ಲಿದ್ದ ವರ್ಲೀನ್, ಟ್ವಾನಾ, ಹ್ಯಾಟಿ ಅಜ್ಜಿ ಮೂವರೂ ಸರ್ಕಾರದ ಬಾಡಿಗೆ ವೋಚರಿನವರು. ವೋಚರಿನ ವ್ಯವಹಾರ ಕೇಳಲು ಸುಲಭ. ದುಡಿದದ್ದರಲ್ಲಿ ಒಂದು ಪಾಲು ನೀವು ಬಾಡಿಗೆಗೆ ಕೊಡಿ, ಉಳಿದದ್ದನ್ನು ವಸತಿ ಕಚೇರಿ ನೇರವಾಗಿ ಮಾಲೀಕನಿಗೆ ಕಟ್ಟುತ್ತದೆ. ಆದರೆ ಕಣ್ಣುಮುಚ್ಚಿ ಕಟ್ಟುವುದಿಲ್ಲ, ವರ್ಷಕ್ಕೊಮ್ಮೆ ತಪಾಸಣೆಗೆ ಜನ ಕಳಿಸುತ್ತದೆ. ಕಿಟಕಿ ತೆರೆಯಬೇಕು, ನಲ್ಲಿ ಸೋರಬಾರದು, ಕರೆಂಟ್ ಒಲೆಯ ನಾಲ್ಕೂ ಕಾಯಿಲ್ ಕೆಂಪಾಗಬೇಕು, ಕೆಳಗಿನ ಓವನ್ ಬಿಸಿಯಾಗಬೇಕು. ಇಲ್ಲದಿದ್ದರೆ ಮನೆ ಫೇಲ್. ಮಾಲೀಕ ರಿಪೇರಿ ಮಾಡಿಸುವ ತನಕ ಕಚೇರಿಯ ದುಡ್ಡು ಬಂದ್.

ಬಾಡಿಗೆಯವರ ಪರವಾಗಿಯೇ ಮಾಡಿದ ಕಾನೂನು ಇದು. ಮಾಡಿದವರು ಒಳ್ಳೆಯವರೇ ಇರಬೇಕು, ಬಾಡಿಗೆ ಮನೆ ಹುಡುಕಿ ಅಲೆದವರಲ್ಲ ಅಷ್ಟೆ. ಹಿಂದಿನ ಮನೆಯಲ್ಲಿ ವರ್ಲೀನ್ ತಪಾಸಣೆಯವನನ್ನು ಕರೆದುಕೊಂಡು ಹೋಗಿ ಸೋರುವ ಚಾವಣಿ ತೋರಿಸಿದ್ದಳು. ಮನೆ ಫೇಲಾಯಿತು. ನಿಮ್ಮ ವೋಚರೂ ಬೇಡ, ನಿಮ್ಮ ತಂಟೆಯೂ ಬೇಡ ಎಂದು ಮಾಲೀಕ ಕೈತೊಳೆದುಕೊಂಡ. ಗಡುವಿನೊಳಗೆ ಬೇರೆ ಮನೆ ಹುಡುಕಿಕೋ, ಸಿಗದಿದ್ದರೆ ವೋಚರೇ ರದ್ದು ಎಂದಿತು ಕಚೇರಿ. ವೋಚರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಖಾಲಿ ಇದ್ದ ಮನೆಗಳೆಲ್ಲ ನಿನ್ನೆ ತಾನೇ ಹೋಗಿಬಿಟ್ಟಿರುತ್ತಿದ್ದವು. ಆ ಚಳಿಗಾಲವೆಲ್ಲ ಅವಳು ಮೊಮ್ಮಗಳನ್ನು ಕಟ್ಟಿಕೊಂಡು ತಂಗಿಯ ನೆಲಮಾಳಿಗೆಯಲ್ಲಿ ಮಲಗಿದಳು. ಗಡುವು ಇನ್ನೇನು ಮುಗಿಯಬೇಕು ಅನ್ನುವಾಗ ಕ್ಲಿಮೆಕ್ ಸಿಕ್ಕ. ಅಂದಿನಿಂದ ಅವಳ ಬಾಯಿಗೆ ಬೀಗ.

ಕ್ಲಿಮೆಕ್‌ನ ಮೂರು ಮನೆಗಳ ಒಲೆಗಳೂ ಸತ್ತಂತೆಯೇ ಇದ್ದವು. ಒಳ್ಳೆಯದೊಂದನ್ನು ಅವನು ತನ್ನ ಗ್ಯಾರೇಜಿನಲ್ಲಿ ಇಟ್ಟಿದ್ದ. ತಪಾಸಣೆಯ ದಿನ ಅದನ್ನು ಎರಡು ಚಕ್ರದ ತಳ್ಳುಗಾಡಿಯ ಮೇಲೇರಿಸಿ ತರುವನು. ಅಧಿಕಾರಿ ಒಂದು ಮನೆ ಮುಗಿಸಿ, ಬೀದಿಯಲ್ಲಿ ಕಾರೊಳಗೆ ಕೂತು ಬರೆದುಕೊಳ್ಳುವಷ್ಟರಲ್ಲಿ, ಒಲೆ ಹಿತ್ತಿಲಿನಿಂದ ಹಿತ್ತಿಲಿಗೆ ದಾಟಿ ಮುಂದಿನ ಮನೆ ಸೇರುತ್ತಿತ್ತು. ಬಾಡಿಗೆಯವರೇ ಕೈಜೋಡಿಸಿ ಮೆಟ್ಟಿಲು ಇಳಿಸುತ್ತಿದ್ದರು. ಕಚೇರಿಯ ಕಣ್ಣಿಗೆ ಮಣ್ಣೆರಚುವುದರಲ್ಲಿ ಕಳ್ಳನೂ ಕಳಕೊಂಡವರೂ ಜೊತೆಗಾರರು.

ವರ್ಲೀನಳಿಗೆ ಓವನ್ ಇಲ್ಲದ ಸಂಕಟ ಹೊಟ್ಟೆಯದಷ್ಟೇ ಅಲ್ಲ. ಒಂದು ಕಾಲಕ್ಕೆ ಚರ್ಚಿನಲ್ಲಿ ಭಾನುವಾರದ ಊಟಕ್ಕೆ ಅವಳು ಓವನ್ನಿನಲ್ಲಿ ಬೇಯಿಸಿದ ಮ್ಯಾಕರೋನಿ ಚೀಸ್ ಬಂತೆಂದರೆ ಪಾದ್ರಿಯೇ ತಟ್ಟೆ ಹಿಡಿದು ಮೊದಲು ನಿಲ್ಲುತ್ತಿದ್ದರು. ಈಗ ಅಂಗಡಿಯ ಡಬ್ಬಿ ಕೊಂಡೊಯ್ದು, ಅದನ್ನು ಮೇಜಿನ ತುದಿಯಲ್ಲಿಟ್ಟು, ಯಾರ ಕಣ್ಣಿಗೂ ಬೀಳದಂತೆ ಸರಿದು ಕೂರುತ್ತಾಳೆ.

ಈ ಸಲ ಅವಳು ಒಂದು ಉಪಾಯ ಹೂಡಿದಳು. ತಪಾಸಣೆ ಪ್ರತಿ ವರ್ಷ ಬೀದಿಯ ಮೇಲಿನ ತುದಿಯಿಂದ ಶುರುವಾಗಿ ಅವಳ ಮನೆಯಲ್ಲಿ ಮುಗಿಯುತ್ತಿತ್ತು, ಅವಳ ನಂತರ ಒಲೆ ಬೇಕಾದ ಮನೆ ಇರುತ್ತಿರಲಿಲ್ಲ. ಆ ದಿನ ಬೆಳಿಗ್ಗೆಯೇ ಕ್ಲಿಮೆಕ್ ಒಲೆ ತಂದು ಕೂರಿಸಿದಾಗ ಅವಳಿಗೆ ಸೋಜಿಗವಾಯಿತು, ಆದರೆ ಖುಷಿಯಲ್ಲಿ ಹೆಚ್ಚು ಯೋಚಿಸಲಿಲ್ಲ. ಅವನು ಅತ್ತ ಹೋದದ್ದೇ ಓವನ್ ಹಚ್ಚಿ, ದೊಡ್ಡ ತಟ್ಟೆಯ ತುಂಬ ಮ್ಯಾಕರೋನಿ ಒಳಗಿಟ್ಟಳು.

ತಪಾಸಣೆಗೆ ಬಂದದ್ದು ಓಟ್ಲಿ ಎಂಬ ಹೊಸ ಹುಡುಗಿ. ನಾಲ್ಕೂ ಕಾಯಿಲ್ ಹಚ್ಚಿ ನೋಡಿದಳು, ಓವನ್ನಿನ ಗಾಜಿನೊಳಗೆ ಬಗ್ಗಿದಳು.

"ಏನ್ ಘಮ ಅಮ್ಮ. ಒಲೆ ಚೆನ್ನಾಗಿದೆಯಲ್ಲ?"

"ಇದರಷ್ಟು ಒಳ್ಳೇ ಒಲೆ ಈ ಬೀದೀಲೇ ಇಲ್ಲ ಕಣಮ್ಮ," ಅಂದಳು ವರ್ಲೀನ್. ಅದಂತೂ ಸುಳ್ಳಲ್ಲ.

ಮನೆ ಪಾಸಾಯಿತು. ಓಟ್ಲಿ ಕಾರಿನತ್ತ ಹೋದಳು. ಹಿಂಬಾಗಿಲಿನಿಂದ ಕ್ಲಿಮೆಕ್ ತಳ್ಳುಗಾಡಿಯೊಂದಿಗೆ ನುಗ್ಗಿದ. ವರ್ಲೀನಳಿಗಿಂತ ಎಷ್ಟೋ ಚಿಕ್ಕವನು, ಆದರೂ ಏಕವಚನವೇ.

"ಬೇಗ ಪ್ಲಗ್ ಕೀಳು, ವರ್ಲೀನ್."

"ಆಗಲ್ಲ ಮಿಸ್ಟರ್ ಕ್ಲಿಮೆಕ್. ಒಳಗೆ ಅಡುಗೆ ಬೇಯ್ತಿದೆ. ಮುಟ್ಟಿದ್ರೆ ಕೈ ಸುಟ್ಕೋತೀರ."

"ತಮಾಷೆ ಮಾಡ್ತಿದೀಯ?"

"ಇಲ್ಲ." ಅವಳು ಕುರ್ಚಿ ಎಳೆದು ಒಲೆಯ ಮುಂದೆಯೇ ಕೂತಳು. "ಇದು ಇಲ್ಲೇ ಇರ್ಲಿ. ಬೇಡ ಅಂದ್ರೆ ಆ ಹುಡುಗೀನ ಕರೀತೀನಿ. ಕಾಯಿಲ್ ಕೆಟ್ಟಿರೋ ನನ್ನ ಹಳೇ ಒಲೆ ಹಿತ್ತಲಲ್ಲಿ ಟಾರ್ಪಾಲ್ ಕೆಳಗಿದೆ, ಬಂದು ನೋಡಮ್ಮ ಅಂತೀನಿ."

"ಕರೆದ್ರೆ ನಿನ್ನ ಮನೇನೂ ಹೋಗುತ್ತೆ."

"ಗೊತ್ತು. ನಿಮ್ಮ ಮೂರು ಮನೇದೂ ದುಡ್ಡು ಹೋಗುತ್ತೆ. ಅದೂ ಗೊತ್ತು."

ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಜುಟ್ಟು ಅವಳ ಕೈಗೆ ಸಿಕ್ಕಿತ್ತು. ಅವಳಿಗೆ ಸುಖವಾಗುತ್ತಿತ್ತು. ಭಾನುವಾರ ಪಾದ್ರಿ ತಟ್ಟೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು.

ಕ್ಲಿಮೆಕ್ ಕೂಗಾಡಲಿಲ್ಲ. ಗೋಡೆಗೆ ಒರಗಿ ಕೈಕಟ್ಟಿದ.

"ಸರಿ, ಕೂತ್ಕೋ. ಈ ವರ್ಷ ಕೆಳಗಿಂದ ಶುರು ಮಾಡಿದಾರೆ. ಮುಂದಿನ ಮನೆ ಟ್ವಾನಾದು."

ವರ್ಲೀನ್ ಕಿಟಕಿಯತ್ತ ತಿರುಗಿದಳು.

"ನನಗೇನು? ಅವಳ ಮನೆ ಫೇಲಾದ್ರೆ ಅವಳನ್ನ ಬಿಡಿಸ್ತೀನಿ. ಬಣ್ಣ ಹೊಡೆಸಿ ಆಸ್ಪತ್ರೆ ನರ್ಸುಗಳಿಗೆ ಕೊಟ್ರೆ ಜಾಸ್ತಿ ಬಾಡಿಗೆ ಬರುತ್ತೆ."

ಪಕ್ಕದ ಮನೆಯ ಟ್ವಾನಾ ಅವಳಿಜವಳಿ ಕೂಸುಗಳ ತಾಯಿ. ಎರಡು ವರ್ಷ ಕಾದು ವೋಚರ್ ಪಡೆದವಳು. ಬೇಲಿಯಾಚೆ ಅವಳ ಅಡುಗೆಮನೆ ಕಾಣುತ್ತಿತ್ತು. ಒಲೆ ಇರಬೇಕಾದ ಖಾಲಿ ಜಾಗದ ಮುಂದೆ, ಕಂಕುಳಲ್ಲಿ ಒಂದು ಕೂಸು ಏರಿಸಿಕೊಂಡು, ಅವಳು ಇತ್ತಲೇ ನೋಡುತ್ತ ನಿಂತಿದ್ದಳು.

ಕೈಗೆ ಸಿಕ್ಕದ್ದು ಅವನ ಜುಟ್ಟಲ್ಲ, ಟ್ವಾನಾಳದು ಎಂದು ವರ್ಲೀನಳಿಗೆ ಆಗ ಗೊತ್ತಾಯಿತು. ಅವಮಾನದಿಂದ ಮುಖ ಕಾದುಹೋಯಿತು. ಎದ್ದು ಓವನ್ ತೆರೆದಳು. ಮೇಲೆ ಇನ್ನೂ ಬಣ್ಣ ತಿರುಗಿರಲಿಲ್ಲ, ನಡುವೆ ಹಾಲು ಹಾಲಾಗಿಯೇ ಇತ್ತು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಪ್ಲಗ್ ಕಿತ್ತು, ಹಳೆಯ ಕಂಬಳಿಯನ್ನು ಬಿಸಿ ಒಲೆಗೆ ಸುತ್ತಿದಳು.

"ಹಿಡೀರಿ ಆ ಕಡೆ," ಅಂದಳು.

ಓಟ್ಲಿ ಟ್ವಾನಾಳ ಮುಂಬಾಗಿಲು ತಟ್ಟುವ ಹೊತ್ತಿಗೆ ಒಲೆ ಜಾಗದಲ್ಲಿತ್ತು. ಹುಡುಗಿ ಓವನ್ ತೆರೆದಳು. ಒಳಗಿನ ಬಿಸಿ ಮುಖಕ್ಕೆ ಬಡಿಯಿತು, ಚೀಸಿನ ವಾಸನೆಯೂ. ತಳದಲ್ಲಿ ಉಕ್ಕಿ ಬಿದ್ದ ಒಂದು ತೊಟ್ಟು ಇನ್ನೂ ಸುಡುತ್ತಿತ್ತು. ಅವಳು ತಿರುಗಿ ಟ್ವಾನಾಳನ್ನು ನೋಡಿದಳು, ಆಮೇಲೆ ಮೂಲೆಯಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ವರ್ಲೀನಳನ್ನು.

"ನೀವಿಬ್ರೂ ಏನಾದ್ರೂ ಹೇಳೋದಿದ್ಯಾ? ನೀವು ಹೇಳಿದ್ರೆ ನಾನು ಬರೀಲೇಬೇಕು."

ಇಲ್ಲ ಎಂದು ಇಬ್ಬರೂ ತಲೆ ಆಡಿಸಿದರು. ಓಟ್ಲಿ ಪಾಸ್ ಎಂದು ಬರೆದುಕೊಂಡು ಹೋದಳು.

ಬಾಗಿಲು ಮುಚ್ಚಿದ್ದೇ ಟ್ವಾನಾ ಒಲೆಯನ್ನು ಎರಡು ಕೈಯಿಂದಲೂ ಹಿಡಿದುಕೊಂಡಳು.

"ಆಂಟಿ, ನಾನಂತೂ ಬಿಡಲ್ಲ. ಕೂಸುಗಳ ಹಾಲು ಕಾಯಿಸೋಕೆ ನನ್ನ ಹಳೇ ಒಲೇಲಿ ಒಂದೇ ಕಾಯಿಲ್ ಕಾಯೋದು. ನೀವೂ ಪಕ್ಕದಲ್ಲಿ ನಿಂತ್ಕೊಳ್ಳಿ, ಇವನೇನ್ ಮಾಡ್ತಾನೋ ನೋಡೋಣ."

ಹಿಂಬಾಗಿಲಲ್ಲಿ ಕ್ಲಿಮೆಕ್ ತಳ್ಳುಗಾಡಿ ಹಿಡಿದು ನಿಂತಿದ್ದ. ವರ್ಲೀನಳನ್ನು ನೋಡಿದ, ಅಷ್ಟೆ.

"ಬಿಡು ಮಗಳೇ," ಅಂದಳು ವರ್ಲೀನ್. "ಮುಂದಿನ ಮನೆ ಹ್ಯಾಟಿ ಅಜ್ಜೀದು."

ಟ್ವಾನಾ ಬಿಡಲಿಲ್ಲ. ವರ್ಲೀನ್ ಕೂಸನ್ನು ಕೆಳಗಿಳಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಗ್ಗಿ ತಾನೇ ಪ್ಲಗ್ ಕಿತ್ತಳು.