ಏಳೂವರೆ ಪಾಯಿಂಟ್

ರೇಣು ನನ್ನ ಮೆಸೇಜುಗಳಿಗೆ ಹಾಕುತ್ತಿದ್ದ ಕೆಂಪು ಹೃದಯ ಈಚೆಗೆ ಹೆಬ್ಬೆರಳಾಗಿದೆ. ಇಷ್ಟು ಸಣ್ಣ ಸಂಗತಿಯನ್ನು ಡೈರಿಯಲ್ಲಿ ಬರೆಯಲೂ ನಾಚಿಕೆಯಾಗಿ ಬರೆದದ್ದನ್ನು ಹೊಡೆದುಹಾಕಿದೆ. ಮರುದಿನ ಮತ್ತೆ ಅದನ್ನೇ ಬರೆದೆ. ಎಂ.ಎಸ್. ಮುಗಿಸಿದವಳು, ಮೈಸೂರಿನಿಂದ ಒಬ್ಬಳೇ ಹೊರಟು ಬಂದವಳು, ಹೆಬ್ಬೆರಳಿಗೆ ಅಳುತ್ತಾಳೆಯೇ?

ಡೆಟ್ರಾಯಿಟ್‌ನಲ್ಲಿ ಓದುತ್ತಿದ್ದಾಗ ನಾನು ಪಕ್ಕದ ಕ್ಯಾಂಟನ್‌ನ ನಾಗರಾಜ ಅಂಕಲ್ ಮನೆಯ ಬೇಸ್ಮೆಂಟಿನಲ್ಲಿ ಬಾಡಿಗೆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ರೇಣು ಅವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ನನಗೆ ಕಾರು ಕಲಿಸಿದವಳು ಅವಳು. ಅಂಗಡಿಯಲ್ಲಿ ಬಾಯಿ ಬಾರದೆ ನಿಂತಾಗಲೆಲ್ಲ ನನ್ನ ಪರವಾಗಿ ಮಾತಾಡಿದವಳೂ ಅವಳೇ. ಆಗಸ್ಟಿನಲ್ಲಿ ಅವಳಿಗೆ ಶಿಕಾಗೋ ಕಡೆ ಕೆಲಸ ಸಿಕ್ಕಿ ನೇಪರ್‌ವಿಲ್‌ನಲ್ಲಿ ಮನೆ ಮಾಡಿದಳು. ಹೊರಡುವಾಗ, ಇನ್ನೊಂದು ಬೆಡ್‌ರೂಮ್ ಖಾಲಿ ಇದೆ, ನಿನಗೂ ಅಲ್ಲಿ ಕೆಲಸ ಆದರೆ ಬಂದುಬಿಡು ಎಂದಿದ್ದಳು. ನಾನು ಶಿಕಾಗೋಗೇ ಅಪ್ಲೈ ಮಾಡಿದೆ, ಬೇರೆಲ್ಲಿಗೂ ಮಾಡಲಿಲ್ಲ. ಕೆಲಸ ಸಿಕ್ಕಿತು, ಜನವರಿಗೆ ಸೇರಬೇಕು. ಅಷ್ಟರಲ್ಲಿ ಅವಳ ಮಾತಿನೊಳಗೆ ಒಂದು ಹೆಸರು ಬಂದು ಕೂತಿತ್ತು: ನವ್ಯಶ್ರೀ.

ನವ್ಯಶ್ರೀ ಧಾರವಾಡದವಳು, ರೇಣುವಿನ ಆಫೀಸಿನಲ್ಲೇ ಕೆಲಸ. ಪ್ರತಿ ಭಾನುವಾರ ಇಬ್ಬರೂ ಸೋಫಾದಲ್ಲಿ ಕಾಲು ಚಾಚಿ ಅಮೆರಿಕನ್ ಫುಟ್‌ಬಾಲ್ ನೋಡುತ್ತಾರೆ. ಸಂಜೆ ಫೋನ್ ಮಾಡಿದರೆ ರೇಣು, ಈ ವಾರದ ಸ್ಪ್ರೆಡ್ ಜಾಸ್ತಿಯಾಯಿತು ಎಂದು ನವ್ಯಾ ಮೊದಲೇ ಹೇಳಿದ್ದಳು ಎನ್ನುತ್ತಾಳೆ. ನಾನು ಹೌದಾ ಎನ್ನುತ್ತೇನೆ. ಇನ್ನೇನು ಹೇಳಲಿ, ನನ್ನ ಪಾಲಿಗೆ ಆ ಆಟವೆಂದರೆ ದಪ್ಪ ಗಂಡಸರು ಒಬ್ಬರ ಮೇಲೊಬ್ಬರು ಬೀಳುವುದು.

ಆದ್ದರಿಂದ ಯಾರಿಗೂ ತಿಳಿಯದಂತೆ ಕಲಿಯಲು ಕೂತೆ. ಬೆಟ್ ಕಟ್ಟಲಿಕ್ಕಲ್ಲ, ಅವರ ಮಾತಿನೊಳಗೆ ಕಾಲಿಡಲು. ನಮ್ಮೂರಲ್ಲಿ ಬುಕ್ಕಿ ಎಂದರೆ ಪೊಲೀಸರು ಮುಖಕ್ಕೆ ಬಟ್ಟೆ ಮುಚ್ಚಿ ಕರೆದೊಯ್ಯುವವನು. ಇಲ್ಲಿ ಅವನದೇ ಜಾಹೀರಾತು ಮ್ಯಾಚಿನ ನಡುವೆ ಬರುತ್ತದೆ. ಬಲವಾದ ತಂಡದ ಮೇಲೆ ಬುಕ್ಕಿ ಹೊರಿಸುವ ಪಾಯಿಂಟುಗಳೇ ಸ್ಪ್ರೆಡ್. ತಂಡದ ಹೆಸರಿನ ಮುಂದೆ ಮೈನಸ್ ಏಳೂವರೆ ಎಂದಿದ್ದರೆ ಅದು ಬಲವಾದ ತಂಡ. ಅದರ ಮೇಲೆ ಬೆಟ್ ಕಟ್ಟಿದವರು ಗೆಲ್ಲಬೇಕಾದರೆ ಅದು ಬರೀ ಗೆದ್ದರೆ ಸಾಲದು, ಎಂಟು ಪಾಯಿಂಟಿನಿಂದಾದರೂ ಗೆಲ್ಲಬೇಕು. ಎದುರು ತಂಡ ಸೋತರೂ ಏಳರೊಳಗೆ ಸೋತರೆ ಅದರ ಮೇಲೆ ಕಟ್ಟಿದವರಿಗೆ ಗೆಲುವು. ಜನ ಒಂದೇ ಕಡೆ ಮುಗಿಬಿದ್ದರೆ ಬುಕ್ಕಿ ಅಂಕಿ ಬದಲಿಸಿ ಇನ್ನೊಂದು ಕಡೆಗೂ ಆಸೆ ಹುಟ್ಟಿಸುತ್ತಾನೆ. ಎರಡೂ ಕಡೆ ಸರಿಸಮ ತೂಗಿದರೆ ಯಾರು ಗೆದ್ದರೂ ಅವನ ಕಮಿಷನ್ ಅವನಿಗೆ. ಇದನ್ನು ಓದಿದ ದಿನ, ಯಾರ ಮೇಲೂ ಪ್ರೀತಿ ಇಲ್ಲದೆ ಇಷ್ಟು ಜನರನ್ನು ಕಾಯಿಸಬಹುದಲ್ಲ ಎನ್ನಿಸಿತ್ತು.

ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರೇಣು ಬಂದಳು, ಜೊತೆಗೆ ನವ್ಯಶ್ರೀಯೂ ಬಂದಳು. ಕಾರಿನಿಂದ ಇಳಿಯುವಾಗ ಇಬ್ಬರೂ ದಾರಿಯಲ್ಲಿ ಶುರುವಾದ ಯಾವುದೋ ಜೋಕಿಗೆ ಇನ್ನೂ ನಗುತ್ತಿದ್ದರು. ರೇಣು ನನ್ನನ್ನು ತಬ್ಬಿಕೊಂಡಳು. ತಬ್ಬಿಕೊಂಡಾಗಲೂ ಆ ನಗು ಅವಳ ಎದೆಯಲ್ಲಿ ಅಲುಗುತ್ತಿತ್ತು. ಆ ಜೋಕು ಹೇಳಿದರೆ ನನಗೆ ಅರ್ಥವಾಗುವುದಿಲ್ಲವಂತೆ.

ಗುರುವಾರ ಬೆಳಿಗ್ಗೆ ಅವಳ ಅಮ್ಮ ಜಯಾ ಆಂಟಿ ಬಿಸಿಬೇಳೆಬಾತು ಮುಗಿಸಿ ಕ್ರ್ಯಾನ್‌ಬೆರಿ ಗೊಜ್ಜಿಗೆ ಒಗ್ಗರಣೆ ಹಾಕುತ್ತಿದ್ದರು. ನವ್ಯಶ್ರೀ ಕೊತ್ತಂಬರಿ ಸೋಸುತ್ತ ನೇರವಾಗಿ ನನ್ನನ್ನೇ ಕೇಳಿದಳು.

"ಇಂಚರಾ, ನಿಮಗೂ ಅದs ರೂಮ್ ಬೇಕಂತಲ್ರೀ? ನನ್ನ ಲೀಸ್ ಡಿಸೆಂಬರ್‌ಗೆ ಮುಗೀತೈತಿ. ರೇಣುನ ಕೇಳಿದ್ರ ಇಬ್ಬರಿಗೂ ಹೂಂ ಅಂತಾಳ."

ರೇಣು ಫ್ರಿಜ್ ತೆರೆದು ಏನನ್ನೋ ಹುಡುಕುವವಳಂತೆ ತಲೆ ಒಳಗಿಟ್ಟಳು. ಯಾರಿಗೂ ಇಲ್ಲ ಎನ್ನಲಾರದವಳು. ಸ್ವಲ್ಪ ಹೊತ್ತಿನ ಮೇಲೆ ಮೊಸರಿನ ಡಬ್ಬಿ ಹಿಡಿದು ಈಚೆ ಬಂದಾಗ ಅವಳ ಮುಖ ಹಗುರವಾಗಿತ್ತು. ಮಧ್ಯಾಹ್ನ ಡೆಟ್ರಾಯಿಟ್ ಲಯನ್ಸಿಗೂ ಶಿಕಾಗೋ ಬೇರ್ಸಿಗೂ ಮ್ಯಾಚ್ ಇತ್ತು, ಅವಳು ಅದನ್ನೇ ಹಿಡಿದಳು.

"ಮ್ಯಾಚ್ ಡಿಸೈಡ್ ಮಾಡ್ಲಿ. ಇಂಚೂಗೆ ಲಯನ್ಸ್, ನವ್ಯಾಗೆ ಬೇರ್ಸ್. ಬಟ್ ಲಯನ್ಸ್ ತುಂಬಾ ಸ್ಟ್ರಾಂಗ್, ಅದು ಫೇರ್ ಅಲ್ಲ. ಸ್ಪ್ರೆಡ್ ಹಾಕೋಣ. ಏಳೂವರೆ."

ಟೀವಿಯ ಮೂಲೆಯಲ್ಲಿ ಲಯನ್ಸಿನ ಮುಂದೆ ಮೈನಸ್ ಏಳೂವರೆ ಎಂದು ಬರುತ್ತಿತ್ತು. ನಾಗರಾಜ ಅಂಕಲ್ ಕನ್ನಡಕ ಏರಿಸಿ ನೋಡಿ, ಮೈನಸ್ ಎಂದರೆ ಎಂಟ್ರೆನ್ಸ್ ಪರೀಕ್ಷೆಯ ನೆಗೆಟಿವ್ ಮಾರ್ಕ್ಸ್ ಇದ್ದಂತೆ, ಪಾಪ ಇಂಚರಾಗೆ ಡಬ್ಬಾ ಟೀಮ್ ಕೊಟ್ಟಿದ್ದೀರಿ ಎಂದರು. ಆಂಟಿ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದರು.

"ಏಳೂವರೆನಾ? ಅದು ಸಾಡೇಸಾತಿ ಕಣೇ. ಶನಿ ಹಿಡ್ದಿರೋ ಟೀಮ್ ಯಾಕೆ ಒಪ್ಕೊಂಡೆ ಇಂಚರಾ?"

ನನಗೆ ಎಲ್ಲ ಗೊತ್ತಿತ್ತು. ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನವ್ಯಶ್ರೀ ಹೇಳಿಬಿಟ್ಟಳು.

"ಹಂಗಲ್ರೀ ಅಂಕಲ್. ದೊಡ್ಡ ಪೈಲ್ವಾನಗ ಒಂದು ಕೈ ಕಟ್ಟಿ ಕುಸ್ತಿಗೆ ಬಿಟ್ಟಂಗ ಇದು. ಬರೇ ಕೆಡವಿದ್ರ ಸಾಲಂಗಿಲ್ಲ, ಎತ್ತಿ ಒಗೀಬೇಕು."

ಅಂಕಲ್ ತೊಡೆ ತಟ್ಟಿಕೊಂಡು ನಕ್ಕರು. ಎಷ್ಟೋ ರಾತ್ರಿ ಕೂತು ಕಲಿತದ್ದನ್ನು ಅವಳು ಕೊತ್ತಂಬರಿ ದಂಟು ಮುರಿದಷ್ಟು ಸುಲಭವಾಗಿ ಹೇಳಿದ್ದಳು. ಅದೂ ನನಗಿಂತ ಚೆನ್ನಾಗಿ. ರೇಣು ಅವಳ ಬೆನ್ನಿಗೊಂದು ಗುದ್ದಿ, ಇಂಚೂ ನಿನಗೆ ಅರ್ಥವಾಯಿತಾ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಏನೂ ಅರ್ಥವಾಗದಾಗಲೂ ನಾನು ಹಾಗೆಯೇ ತಲೆಯಾಡಿಸುತ್ತೇನೆಂದು ಅವಳಿಗೆ ಗೊತ್ತು.

ನನಗೆ ನೋವಾದದ್ದು ಸ್ಪ್ರೆಡ್‌ನಿಂದಲ್ಲ. ಇಬ್ಬರನ್ನು ತೂಗಿ ಸರಿಸಮ ಮಾಡಿ, ಯಾರು ಗೆದ್ದರೂ ಸೈ ಎಂದು ಅವಳು ಚಿಪ್ಸ್ ತಿನ್ನುತ್ತ ಕೂತದ್ದರಿಂದ.

ಊಟದ ತಟ್ಟೆ ಹಿಡಿದು ಎಲ್ಲರೂ ಟೀವಿ ಮುಂದೆ ಕೂತೆವು. ಲಯನ್ಸ್ ಮುಂದಿತ್ತು. ಪ್ರತಿ ಸಲ ಚೆಂಡು ಬಿದ್ದಾಗ ನಾನು ಆಟವನ್ನು ಬಿಟ್ಟು ನವ್ಯಶ್ರೀಯ ಮುಖ ನೋಡುತ್ತಿದ್ದೆ. ಅವಳು ಚೆನ್ನಾಗಿದ್ದಳು. ಕೆಟ್ಟವಳಾಗಿದ್ದರೆ ನನಗೆಷ್ಟೋ ಅನುಕೂಲವಿತ್ತು. ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಹಾಕಿದಳು. ಆ ತುಪ್ಪದ ಮೇಲೂ ನನಗೆ ಸಿಟ್ಟು ಬಂತು.

ಮುಗಿಯಲು ಎರಡು ನಿಮಿಷವಿದೆ ಎನ್ನುವಾಗ ಲಯನ್ಸ್ ಹನ್ನೊಂದು ಪಾಯಿಂಟ್ ಮುಂದಿತ್ತು. ರೂಮು ನನ್ನದೇ. ಕಿಟಕಿಗೆ ಯಾವ ಪರದೆ ಎಂದೂ ಯೋಚಿಸಿದೆ. ಆಗ ಬೇರ್ಸಿನವನೊಬ್ಬ ಎಲ್ಲರಿಂದ ತಪ್ಪಿಸಿಕೊಂಡು ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಅದಕ್ಕೆ ಆರು ಪಾಯಿಂಟ್, ಆಮೇಲಿನ ಒದೆತದ ಒಂದೂ ಸೇರಿ ಏಳು. ಅಂತರ ನಾಲ್ಕಕ್ಕಿಳಿಯಿತು. ಪರವಾಗಿಲ್ಲ ಬಿಡಮ್ಮ, ಇನ್ನೂ ನಾವೇ ಮುಂದಿದ್ದೇವೆ ಎಂದರು ಅಂಕಲ್, ಪೈಲ್ವಾನನ ಕಟ್ಟಿದ ಕೈಯನ್ನು ಆಗಲೇ ಮರೆತು. ಚೆಂಡು ಮತ್ತೆ ಲಯನ್ಸಿಗೆ ಸಿಕ್ಕಿತು. ಇನ್ನೊಮ್ಮೆ ಹೊಡೆಯಿರಿ ಎಂದು ಒಳಗೊಳಗೇ ಬೇಡಿಕೊಂಡೆ. ಅವರು ಹೊಡೆಯಲಿಲ್ಲ. ಚೆಂಡು ಹಿಡಿದವನು ಸುಮ್ಮನೆ ಮೊಣಕಾಲೂರಿ ಹೊತ್ತು ಕಳೆದ. ಗೆಲ್ಲುತ್ತಿರುವವನಿಗೆ ನನ್ನ ಏಳೂವರೆಯ ಗೊಡವೆ ಏನು?

ಲಯನ್ಸ್ ಗೆದ್ದಿತು. ಅಂಕಲ್ ಎದ್ದು ಕುಣಿದರು. ಶನಿ ಬಿಟ್ಟಿತು ಎಂದು ಆಂಟಿ ನನ್ನ ಕೆನ್ನೆ ಚಿವುಟಿದರು. ನವ್ಯಶ್ರೀ ಏನೋ ಹೇಳಲು ಬಾಯಿ ತೆರೆದಳು. ರೇಣು ಅವಳತ್ತ ಒಮ್ಮೆ ನೋಡಿ ಹುಬ್ಬು ತುಸು ಎತ್ತಿದಳು, ಅಷ್ಟೆ. ನವ್ಯಶ್ರೀ ನನ್ನ ಕಡೆ ತಿರುಗಿ ಕಣ್ಣರಳಿಸಿ ನಕ್ಕಳು.

"ಹೌದ್ರೀ. ಲಯನ್ಸ್ ಗೆದ್ರು, ರೂಮ್ ನಿಮ್ದs."

"ಕಂಗ್ರಾಟ್ಸ್ ಇಂಚೂ," ಎಂದಳು ರೇಣು.

ಮಾತಿಲ್ಲದೆ, ಒಂದು ಹುಬ್ಬಿನಲ್ಲಿ, ಇಬ್ಬರೂ ನನ್ನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದರು. ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ಆಡುವಾಗ ಯಾರದೋ ಪುಟ್ಟ ತಂಗಿ ಅಳಬಾರದೆಂದು ಅವಳನ್ನೂ ಸೇರಿಸಿಕೊಳ್ಳುತ್ತಿದ್ದೆವು. ಓಡಬಹುದು, ಕೂಗಬಹುದು, ಔಟಾದರೆ ಮಾತ್ರ ಔಟಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ. ರೂಮು ಸಿಕ್ಕಿತ್ತು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಕೆಲಸ. ಆದರೆ ದಿನಾ ಬೆಳಿಗ್ಗೆ ಆ ರೂಮಿನಲ್ಲಿ ಎದ್ದು, ಇವರಿಬ್ಬರೂ ಕರುಣೆಯಿಂದ ಬಿಟ್ಟುಕೊಟ್ಟ ಹಾಸಿಗೆಯನ್ನು ಮಡಿಸಿಡಬೇಕಿತ್ತು.

"ನಾನು ಗೆದ್ದಿಲ್ಲ. ನಾಲ್ಕರಿಂದ ಗೆದ್ರು, ಎಂಟು ಬೇಕಿತ್ತು," ಎಂದೆ.

ಅಂಕಲ್ ಟೀವಿಯ ಸದ್ದು ತಗ್ಗಿಸಿದರು. ರೇಣು ಅಯ್ಯೋ ಬಿಡೇ, ಇದೆಲ್ಲ ತಮಾಷೆಗೆ ಎನ್ನುತ್ತ ನನ್ನ ಕೈ ಹಿಡಿಯಲು ಬಂದಳು. ಅವಳ ಕಿವಿ ಕೆಂಪಾಗಿತ್ತು. ನಾನು ಹೇಳಿದ್ದು ಲೆಕ್ಕ ಮಾತ್ರ, ಲೆಕ್ಕ ಹೇಳುವುದು ಯಾವಾಗಲೂ ಸುಲಭ. ಕೈ ಹಿಂದಕ್ಕೆಳೆದುಕೊಂಡೆ. ಎಲ್ಲರಿಗೂ ಕೇಳಿಸುವಂತೆಯೇ ಹೇಳಿದೆ.

"ನಂಗೆ ಇವರನ್ನ ಕಂಡ್ರೆ ಹೊಟ್ಟೆಕಿಚ್ಚು ರೇಣು. ಯಾರು ಬೇಕು ಅಂತ ಮ್ಯಾಚ್ ಹೇಳೋದಲ್ಲ, ನೀನೇ ಹೇಳ್ಬೇಕು."