ಆರ್ವಿಯ ಚಕ್ರಗಳಿಗೆ ಮಂಕು ಕವಿದದ್ದು

ಆರ್ವಿ ತನ್ನ ಬೈಕಿನ ಅಲ್ಯುಮಿನಿಯಂ ಚಕ್ರಗಳನ್ನು ಉಜ್ಜಿದನೆಂದರೆ ಸೂರ್ಯನೇ ಕಣ್ಣಿಗೆ ಅಂಗೈ ಅಡ್ಡ ಹಿಡಿಯಬೇಕು. ಹೋದ ವಸಂತದಲ್ಲಿ ಒಂದು ಕಾಗೆ ಅದರಲ್ಲಿ ಮುಖ ನೋಡಿಕೊಂಡು, ನಾನಿಷ್ಟು ಕಪ್ಪೇ ಎಂದು ಮೂರು ದಿನ ಉಪವಾಸ ಬಿದ್ದಿತ್ತು. ಇಡೀ ಫಿನ್ಲೆಂಡಿನಲ್ಲಿ ಇದನ್ನು ಅಲ್ಲಗಳೆದವರು ಒಬ್ಬರೂ ಇಲ್ಲ. ಕೇಳಿದವರೂ ಇಲ್ಲ ಎನ್ನಿ.

ಈ ಏಪ್ರಿಲ್‌ನಲ್ಲಿ ಮಾತ್ರ ಎಡವಟ್ಟಾಯಿತು. ಅಂಗಳದಲ್ಲಿ ಇನ್ನೂ ಹಿಮ. ಹಾಗಾಗಿ ಶನಿವಾರ ಮಧ್ಯಾಹ್ನ ಚಕ್ರಗಳನ್ನು ಬಿಚ್ಚಿ, ಬೆಚ್ಚಗಿನ ಸೌನಾಕ್ಕೆ, ಅಂದರೆ ಹಬೆಸ್ನಾನದ ಕೋಣೆಗೆ, ತಂದು ಉಜ್ಜುತ್ತಿದ್ದ. ಸಂಜೆ ಪಕ್ಕದ ಮನೆಯ ಒನ್ನಿ ಬರುವನು. ನಲವತ್ತು ವರ್ಷಗಳ ರೂಢಿಯಂತೆ ಇಬ್ಬರೂ ಬೆತ್ತಲೆ ಕೂತು, ಕಾದ ಕಲ್ಲಿಗೆ ನೀರೆರಚಿ, ಬೆವರಿ, ಎರಡೇ ಎರಡು ಮಾತಾಡಿ ಏಳುವರು. ಭಾನುವಾರ ನೋಡಿದರೆ ಚಕ್ರಗಳು ಹಳೇ ಬಾಣಲೆಯ ತಳ. ಮೂರು ವಾರ ಹೀಗೇ.

"ಒಳಗೆ ಬರೋನು ಅವನೊಬ್ನೇ ಕಣೆ," ಆರ್ವಿ ಹೆಂಡತಿ ಐರಾಳಿಗೆ ಪಿಸುಗುಟ್ಟಿದ. "ಹೋದ ವಾರ ಒದ್ದೆ ಕೈಲಿ ಚಕ್ರ ಮುಟ್ಟಿ ಚೆನ್ನಾಗಿದೆ ಅಂದ. ಒನ್ನಿ ಯಾವತ್ತಾದ್ರೂ ಯಾವುದನ್ನಾದ್ರೂ ಚೆನ್ನಾಗಿದೆ ಅಂದಿದ್ದುಂಟಾ?"

"ಅವನ ಮದುವೇಲೂ ಅಂದಿರ್ಲಿಲ್ಲ," ಐರಾ ಒಪ್ಪಿದಳು. "ಆದ್ರೂ ಬಾಯಿಗೆ ಬಂದದ್ದು ಅಂದುಬಿಡಬೇಡ. ಈ ವಯಸ್ಸಲ್ಲಿ ಇನ್ನೊಬ್ಬ ಗೆಳೆಯ ಎಲ್ಲಿ ಸಿಗ್ತಾನೆ ನಿಂಗೆ?"

ಸೌನಾದೊಳಗೆ ಜಗಳ ಒಯ್ಯಬಾರದು. ಅದಕ್ಕೇ ಆರ್ವಿ ಆ ಶನಿವಾರ ಒನ್ನಿಯನ್ನು ಹೊಸ್ತಿಲಲ್ಲೇ ತಡೆದ.

"ಮೊದಲು ಹೇಳು. ನನ್ನ ಚಕ್ರಕ್ಕೆ ಏನು ಬಳೀತೀಯ?"

ಒನ್ನಿ ಯೋಚಿಸಿದ. ಅಷ್ಟು ಹೊತ್ತಿನಲ್ಲಿ ಒಂದು ಸರೋವರ ಕರಗಿ ಮತ್ತೆ ಹೆಪ್ಪುಗಟ್ಟಬಹುದಿತ್ತು.

"ನನ್ನ ಬೈಕೇ ನಾನು ತೊಳೆಯಲ್ಲ. ನಿಂದಕ್ಕೆ ಬಳೀತೀನಾ?" ಎಂದವನೇ, ತಂದಿದ್ದ ಟವೆಲ್ಲು, ಸಾಸೇಜು ಎರಡನ್ನೂ ಕಂಕುಳಿಗೇರಿಸಿ ಹೊರಟುಹೋದ.

ಆರ್ವಿ ಒಬ್ಬನೇ ಕೂತ. ಬೆವರು ಕೂಡ ಸರಿಯಾಗಿ ಬರಲಿಲ್ಲ. ಎದ್ದು, ಎಂದಿನಂತೆ ಒಲೆಯ ಬೂದಿ ಕದಡಿದ ನೀರಿನಲ್ಲಿ ಕೂರುವ ಹಲಗೆಗಳನ್ನು ತಿಕ್ಕಿ, ಮಿಕ್ಕ ನೀರಿನಲ್ಲಿ ಚಕ್ರಗಳನ್ನೂ ಕೊನೆಯದಾಗಿ ಒರೆಸತೊಡಗಿದ. ಒಗೆದ ಬಟ್ಟೆ ಇಡಲು ಬಂದ ಐರಾ ಬಾಗಿಲಲ್ಲೇ ನಿಂತಳು.

"ಬೂದಿ ನೀರಾ ಅದು?"

"ನಮ್ಮಜ್ಜ ಎಲ್ಲಾನೂ ಇದರಲ್ಲೇ ತೊಳೀತಿದ್ದ."

"ನಿಮ್ಮಜ್ಜನ ಹತ್ರ ಮರ ಇತ್ತು, ಅಲ್ಯುಮಿನಿಯಂ ಇರ್ಲಿಲ್ಲ. ಬೂದಿ ನೀರು ತಾಗಿದ್ರೆ ಅಲ್ಯುಮಿನಿಯಂ ಕಪ್ಪಾಗತ್ತೆ. ನನ್ನ ಹಾಲಿನ ಪಾತ್ರೆ ಕಪ್ಪಾಗಿದ್ದೂ ಹೀಗೇ. ಆಗ ನೀನು ನಮ್ಮಮ್ಮನ ಮೇಲೆ ಗುಮಾನಿಪಟ್ಟಿದ್ದೆ."

ತಪ್ಪೊಪ್ಪಿಕೊಳ್ಳುವುದೆಂದರೆ ಆ ಊರಿನ ಗಂಡಸರಿಗೆ ಕರಡಿಯ ಹಲ್ಲುಜ್ಜಿದಷ್ಟು ಕಷ್ಟ. ಆರ್ವಿ ಮರುದಿನ ಬೆಳಗ್ಗೆ ಒನ್ನಿಯ ಬಾಗಿಲು ತಟ್ಟಿದ.

"ಸೌನಾ ಒಲೆ ಹಚ್ಚಿದೀನಿ."

ಬಾಗಿಲು ನಾಲ್ಕು ಬೆರಳಷ್ಟೇ ತೆರೆಯಿತು. "ಇವತ್ತು ಭಾನುವಾರ," ಎಂದ ಒನ್ನಿ.

"ಬೂದಿ ನೀರು. ನಾನೇ ಬಳೀತಿದ್ದೆ."

ಒನ್ನಿ ಅವನ ಮುಖ ನೋಡಿದ, ಕೈ ನೋಡಿದ, ಕತ್ತು ಚಾಚಿ ಬೆನ್ನ ಹಿಂದೆಯೂ ನೋಡಿದ.

"ಆ ನೀರೇನೂ ತಂದಿಲ್ವಾ?"

"ಇಲ್ಲ ಮಾರಾಯ."

ಟವೆಲ್ಲು ಹೆಗಲೇರಿತು. ಆದರೆ ಹೊರಡುವ ಮೊದಲು ಒನ್ನಿ, ಬೀಗವೆಂಬುದನ್ನೇ ಕಂಡರಿಯದ ಆ ಬೀದಿಯಲ್ಲಿ, ತನ್ನ ಕೊಳಕು ಬೈಕು ನಿಂತ ಕೊಟ್ಟಿಗೆಗೆ ಬೀಗ ಜಡಿದು ಎರಡು ಸಲ ಜಗ್ಗಿ ನೋಡಿದ.